ಅತಿಥಿಯ ವಿರುದ್ಧಪದ

‘ಅತಿಥಿ ಬರಹಗಾರರಾಗಿ ಬನ್ನಿ’ ಎಂಬ ಸಾಲನ್ನು ಓದಿದೊಡನೆ ವೀಣಾ, ನರೇಶನ ಮೊಬೈಲನ್ನು ಕುಮಟಾ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನ ಮೇಜಿನ ಮೇಲೆ ಬೋರಲಾಗಿ ಇಟ್ಟಳು. ಮೀನುಪೇಟೆಯಲ್ಲಿ ಕಿವಿರು ಎತ್ತಿ ನೋಡಿ, ಬೇಡವೆಂದು ಬುಟ್ಟಿಗೆ ಮರಳಿಸುವವರ ಮುಖ ಅವಳದಾಗಿತ್ತು.

“ನಾನು ಬರೆಯೂದಿಲ್ಲ.”

ನರೇಶನ ಕೈಯಲ್ಲಿದ್ದ ಬನ್ಸು ಬಾಯಿಯ ದಾರಿಯಲ್ಲೇ ನಿಂತಿತು. ಭಟ್ಕಳದಿಂದ ಕುಮಟಾದವರೆಗಿನ ಅಂಗಡಿಗಳ ಐಸ್‌ಕ್ರೀಮ್ ಪೆಟ್ಟಿಗೆಗಳನ್ನು ರಿಪೇರಿ ಮಾಡುತ್ತ ಸ್ಕೂಟರಿನಲ್ಲಿ ಅಲೆಯುವ ಆತ, ದಾರಿಯಲ್ಲಿ ಕಂಡದ್ದನ್ನೆಲ್ಲ ಆರು ವರ್ಷಗಳಿಂದ ‘ಸುತ್ತುಗಾಲು’ ಎಂಬ ತನ್ನ ಬ್ಲಾಗಿನಲ್ಲಿ ಬರೆಯುತ್ತ ಬಂದಿದ್ದ. ಈಚೆಗೆ ಬರೆಯಲು ಕುಳಿತರೆ ಮನಸ್ಸೇ ಏಳುತ್ತಿರಲಿಲ್ಲ; ಗ್ಯಾಸು ಸೋರಿಹೋದ ಪೆಟ್ಟಿಗೆಯಂತೆ ಬರಿಯ ಸದ್ದು, ತಂಪಿಲ್ಲ. ಬೇರೆಯವರನ್ನಾದರೂ ಕರೆದು ಬರೆಸೋಣವೆಂದು ನಾಲ್ವರನ್ನು ಕೇಳಿದ. ಒಬ್ಬರು ಶುಭೋದಯದ ಗುಲಾಬಿ ಕಳಿಸಿದರು. ಇನ್ನೊಬ್ಬರು ತಮಗಾದ ಸನ್ಮಾನದ ಫೋಟೋ ಕಳಿಸಿದರು. ಮೂರನೆಯವರು ಬ್ಲಾಗೆಂದರೆ ಎಂತದೆಂದು ಕೇಳಿದರು. ನಾಲ್ಕನೆಯವಳು ವೀಣಾ. ಉಳಿದವರು ಓದಿ ಸುಮ್ಮನಾಗುತ್ತಿದ್ದರೆ, ಪ್ರತಿ ಬರಹದ ಕೆಳಗೂ ತಪ್ಪದೆ ನಾಲ್ಕು ಸಾಲು ಬರೆಯುತ್ತಿದ್ದವಳು ಅವಳೊಬ್ಬಳೇ. ಬ್ಲಾಗು ನಿಂತರೆ ಆ ನಾಲ್ಕು ಸಾಲೂ ನಿಲ್ಲುತ್ತವೆ, ವಾರಕ್ಕೊಮ್ಮೆ ಈ ಮೇಜಿನ ಮುಂದೆ ಎದುರುಬದುರು ಕೂರುವ ನೆಪವೂ ನಿಲ್ಲುತ್ತದೆ ಎಂಬುದೇ ಅವನ ನಿಜವಾದ ಹೆದರಿಕೆ. ಇಬ್ಬರಿಗೂ ಮದುವೆಯಾಗಿರಲಿಲ್ಲ, ಆ ಮಾತನ್ನು ಇಬ್ಬರೂ ಎಂದೂ ಎತ್ತಿರಲಿಲ್ಲ.

“ಎಂತ ಆತು ಮೇಡಂ?”

“ಆ ಶಬ್ದ. ಅತಿಥಿ! ಹನ್ನೊಂದು ವರ್ಷದಿಂದ ನಾನು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಜೂನಿನಲ್ಲಿ ಅರ್ಜಿ ಹಾಕಿ ಬರೂದು, ಮಾರ್ಚಿನಲ್ಲಿ ಮನೆಗೆ ಹೋಗೂದು. ಸ್ಟಾಫ್‌ರೂಮಿನಲ್ಲಿ ಯಾರು ರಜೆಯೋ ಅವರ ಕುರ್ಚಿ ನಂದು. ಯಾರಿಗೂ ಜ್ವರ ಬರದಿದ್ದ ದಿವ್ಸ ಕಿಟಕಿ ಹತ್ರ ನಿಂತೇ ಪಾಠ ಓದ್ಕೊಳ್ಳೂದು. ಈಗ ನಿಮ್ಮಲ್ಲೂ ಅತಿಥಿಯಾ?”

“ಅತಿಥಿ ಅಂದ್ರೆ ದೇವರಲ್ವಾ?”

“ಕನ್ನಡ ಕಲಿಸುವವಳಿಗೇ ಕನ್ನಡ ಕಲಿಸ್ತ್ರಾ? ತಿಥಿ ನೋಡದೆ ಬರುವವ ಅತಿಥಿ. ನಂಗೆ ಬರೂಕೂ ತಿಥಿ ಉಂಟು, ಹೋಗೂಕೂ ತಿಥಿ ಉಂಟು. ನಾನು ಅತಿಥಿ ಅಲ್ಲ ಮಾರಾಯ್ರೇ, ಬರೀ ತಿಥಿ!”

ನರೇಶನಿಗೆ ನಗು ಉಕ್ಕಿತು. ಅವಳ ಕಣ್ಣು ಕಂಡು ನುಂಗಿಕೊಂಡ. ಅಷ್ಟರಲ್ಲಿ ಅವಳೂರು ಮಂಕಿಯ ಕಡೆಗೆ ಹೋಗುವ ಬಸ್ಸು ಬಂದು ನಿಂತಿತು. ಮೆಟ್ಟಿಲು ಹತ್ತಿದವಳು ತಿರುಗಿ ಹೇಳಿದಳು: “ಬರೆದು ಕಳಿಸ್ತೆ. ನಿಮ್ಮ ಬ್ಲಾಗು ನಿಲ್ಲೂದು ನಂಗೂ ಬೇಡ. ಆದ್ರೆ ಆ ಶಬ್ದ ನನ್ನ ಹೆಸರಿನ ತಲೆ ಮೇಲೆ ಕಂಡ್ತೋ, ಅಲ್ಲಿಗೆ ಮುಗೀತು!”

ಶನಿವಾರ ಬರಹ ಬಂತು. ಹನ್ನೊಂದು ವರ್ಷಗಳಲ್ಲಿ ತಾನು ಕುಳಿತ ಕುರ್ಚಿಗಳ ಕುರಿತು ಬರೆದಿದ್ದಳು: ಯಾವುದು ಕುಂಟುತ್ತಿತ್ತು, ಯಾವುದರ ಬೆನ್ನಿಗೆ ಯಾರ ಎಣ್ಣೆತಲೆಯ ಅಚ್ಚು ಬಿದ್ದಿತ್ತು, ಯಾವುದು ಕೂತೊಡನೆ ಒಡೆಯನನ್ನು ನೆನೆದು ಕಿರುಗುಟ್ಟುತ್ತಿತ್ತು. ಓದಿ ಮುಗಿಸುವಷ್ಟರಲ್ಲಿ ನರೇಶನಿಗೆ ತಾನೂ ಏನಾದರೂ ಬರೆಯಬೇಕೆಂಬ ಹಸಿವು ತಿಂಗಳುಗಳ ಬಳಿಕ ಹುಟ್ಟಿತು. ಇನ್ನು ಉಳಿದದ್ದು ಶೀರ್ಷಿಕೆಯ ಮೇಲಿನ ಒಂದು ಶಬ್ದ ಮಾತ್ರ. ಹತ್ತನೆಯ ತರಗತಿಗೆ ಶಾಲೆ ಬಿಟ್ಟು, ಅಗ್ಗದ ಪತ್ತೇದಾರಿ ಕಾದಂಬರಿಗಳಿಂದ ಕನ್ನಡ ಕಲಿತವನಿಗೆ ಶಬ್ದಗಳ ಕೊರತೆಯಿರಲಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಕೊಲೆಗೆ ಸಂಬಂಧಿಸಿದವು. ‘ಆಹ್ವಾನಿತರು’ ಎಂದರೆ ಲಗ್ನಪತ್ರಿಕೆಯಂತಾಯಿತು. ‘ಹೊರಗಿನವರು’ ಎಂದರೆ ಅತಿಥಿಗಿಂತಲೂ ಕೆಟ್ಟದಾಯಿತು. ಹೊರಗಿನವಳಲ್ಲದಿದ್ದರೆ ಮತ್ತೆ ಯಾರು? ಉತ್ತರ ಹೊಳೆದದ್ದೇ ತಡ, ಟೈಪಿಸಿ, ಪ್ರಕಟಿಸಿ, ಕೃತಾರ್ಥನಾಗಿ ಸ್ಕೂಟರು ಹತ್ತಿದ.

ಸೋಮವಾರ ಬೆಳಿಗ್ಗೆ ಹೊನ್ನಾವರದ ತಂಪುಪಾನೀಯದ ಅಂಗಡಿಯೊಂದರಲ್ಲಿ ಪೆಟ್ಟಿಗೆಯೊಳಗೆ ತಲೆ ತೂರಿಸಿ ಕುಳಿತಿದ್ದಾಗ, ಬೆನ್ನ ಹಿಂದೆ ಮಾಲೀಕ ಮಹಾಗಣಪತಿಯ ಧ್ವನಿ ಕೇಳಿಸಿತು.

“ಹೋಯ್, ಮದುವೆ ಯಾವಾಗ ಆತು? ಹೇಳೂದಿಲ್ಲ, ಕೇಳೂದಿಲ್ಲ, ಒಂದು ಲಾಡಾದ್ರೂ ಇಲ್ಲ!”

“ಯಾರ ಮದುವೆ?”

“ನೀನೇ ಹಾಕಿದ್ದಲ್ವಾ?” ಮಹಾಗಣಪತಿ ಮೊಬೈಲನ್ನು ದೂರ ಹಿಡಿದು, ಕಣ್ಣು ಕಿರಿದಾಗಿಸಿ ಓದಿದ. “‘ನಮ್ಮ ಮನೆಯವರ ಬರಹ. ಬರೆದವರು: ವೀಣಾ.’ ನಿನ್ನ ಮನೆಯವರು ನಿನಗಿಂತ ಚಲೋ ಬರೀತ್ರು, ಬಿಡು.”

ನರೇಶನ ತಲೆ ಪೆಟ್ಟಿಗೆಯ ಮುಚ್ಚಳಕ್ಕೆ ಠಣ್ಣನೆ ಬಡಿಯಿತು. ಆರು ವರ್ಷ ಜತನವಾಗಿ ಸುತ್ತು ಬಳಸಿ ನಡೆದ ಮಾತನ್ನು ಅವನು ಊರೆಲ್ಲ ಓದುವಂತೆ ದಪ್ಪಕ್ಷರದಲ್ಲಿ ಬರೆದುಬಿಟ್ಟಿದ್ದ. ಗ್ರೀಸಿನ ಕೈಯಲ್ಲೇ ವೀಣಾಳಿಗೆ ಫೋನ್ ಮಾಡಿದ.

“ಮೇಡಂ, ದೊಡ್ಡ ತಪ್ಪಾಗಿ ಹೋಯ್ತು. ಹೊರಗಿನವರಲ್ಲ ಅಂತ ಹೇಳೂಕೆ ಹೋಗಿ... ನಂಗೆ ಆ ಅರ್ಥ ಹೊಳೀಲೇ ಇಲ್ಲ. ಈಗ್ಲೇ ಅಳಿಸ್ತೆ.”

“ನಾನು ಶನಿವಾರವೇ ನೋಡಿದೆ.”

ಆಚೆ ತುದಿಯಲ್ಲಿ ಕಾಲೇಜಿನ ಗಂಟೆ ಬಾರಿಸಿತು. ಮಕ್ಕಳ ಗದ್ದಲ ಎದ್ದು, ನಿಧಾನವಾಗಿ ಇಳಿಯಿತು. ಅವಳು ಫೋನನ್ನು ಇಡಲಿಲ್ಲ.

“ಅಳಿಸೂದು ಆಮೇಲೆ,” ಎಂದಳು ಕೊನೆಗೆ. “ಮೊದಲು ಇಷ್ಟು ಹೇಳು ಮಾರಾಯ. ಈ ಹುದ್ದೆ ಖಾಯಮ್ಮಾ, ಇಲ್ಲ ಇದಕ್ಕೂ ವರ್ಷಾ ವರ್ಷಾ ಅರ್ಜಿ ಹಾಕೂದಾ?”