ಗುಮ್ಮಣ್ಣನ ಬಾಯಿ

“ಬಾಯಿ ಬಿಟ್ಟವನು ನೀನೇ,” ಎಂದರು ಮಾಲಿನ್ಯ ಮಂಡಳಿಯ ಸಾಹೇಬರು. “ಇನ್ಯಾರು? ಪರೀಕ್ಷೆಯ ದಿನ ಗೊತ್ತಿರೋದು ಇಬ್ಬರಿಗೆ. ಮೇಡಂಗೆ, ನಿನಗೆ.”

ಗುಮ್ಮಣ್ಣ ತುಟಿ ಬಿಚ್ಚಲಿಲ್ಲ. ಬಿಚ್ಚುವ ಅಭ್ಯಾಸ ಇಲ್ಲದ್ದಕ್ಕೇ ತಾನೆ ಆಫೀಸಿನವರು ಆ ಹೆಸರಿಟ್ಟಿದ್ದು! ಹದಿನಾಲ್ಕು ವರ್ಷ ಹೊಗೆ ಪರೀಕ್ಷೆಯ ವ್ಯಾನು ಓಡಿಸಿದ್ದಾನೆ. ನಾಳೆ ಪರೀಕ್ಷೆ ಎಂದು ಕಟ್ಟಿಕೊಂಡ ಹೆಂಡತಿಗೂ ಹೇಳಿದವನಲ್ಲ. ಅವಳು ಕೆದಕಿ ಕೆದಕಿ ಸೋತು ಈಗ ಕೇಳುವುದನ್ನೇ ಬಿಟ್ಟಿದ್ದಾಳೆ.

ವಿಷಯ ಇಷ್ಟೇ. ಊರಾಚೆ ಕಸ ಸುಡುವ ಕಾರ್ಖಾನೆಯೊಂದಿದೆ. ಪ್ಲಾಸ್ಟಿಕ್ಕು, ವೈರು ಅರೆಬರೆ ಬೆಂದರೆ ಅಲ್ಲಿ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಕಣ್ಣಿಗೆ ಕಾಣದು, ಮೂಗಿಗೆ ಸಿಗದು; ಮೈಗೆ ಸೇರಿತೋ, ಮನೆ ಅಳಿಯನ ಹಾಗೆ ತಳ ಊರಿಬಿಡುತ್ತದೆ. ಅದನ್ನು ಹಿಡಿಯಲು ಮೇಡಂ ಚಿಮಣಿಯ ಏಣಿ ಹತ್ತಿ, ಆರು ಗಂಟೆ ಹೊಗೆಯನ್ನು ಗಾಜಿನ ಕೊಳವೆಯಲ್ಲಿ ಎಳೆದು, ಐಸಿನಲ್ಲಿ ಕೂರಿಸಿದ ಸೀಸೆಗಳಲ್ಲಿ ತಣಿಸಿ ತರುತ್ತಾರೆ.

ಮೇಡಂ ಹೋದ ದಿನ ಮಾತ್ರ ಕಾರ್ಖಾನೆ ಪರಮ ಸಾಧ್ವಿ. ಒಲೆಗೆ ಬರೀ ಒಣ ಕಾಗದ, ಬೆಂಕಿ ಧಗಧಗ, ವರದಿಯಲ್ಲಿ ವಿಷ ಹುಡುಕಿದರೂ ಇಲ್ಲ. ಮರುದಿನ ಗುಮ್ಮಣ್ಣನ ಹೆಂಡತಿ ಒಗೆದು ಹಾಕಿದ ಬಟ್ಟೆಯ ಮೇಲೆ ಮತ್ತೆ ಮಸಿ. ಒಂದೇ ಒಂದು ಸಲ ಸಿಕ್ಕಿಬಿದ್ದಿತ್ತು, ಮಿತಿಯ ಹನ್ನೆರಡು ಪಟ್ಟು! ಇನ್ನೊಮ್ಮೆ ಸಿಕ್ಕರೆ ಬೀಗ ಜಡಿಯುತ್ತೇವೆಂದು ನೋಟಿಸೂ ಹೋಗಿತ್ತು.

“ನೀನು ಜ್ವರ ಅಂತ ಮಲಗಿದ ದಿನವೇ ಕಳ್ಳ ಸಿಕ್ಕ. ಏನರ್ಥ?”

ಕೆಲಸದ ಮಾತು ಬಂದರೆ ಗುಮ್ಮಣ್ಣನಿಗೂ ತಡೆಯದು. “ಆ ಬದಲಿ ಡ್ರೈವರ್‌ಗೆ ಏನೂ ಬರಲ್ಲ ಸಾರ್. ವ್ಯಾನ್ ತೊಳೆದಿರಲಿಲ್ಲ. ಐಸ್ ಎಲ್ಲಿಂದಲೋ ತಂದು ಅರ್ಧ ದಾರೀಲೇ ಕರಗಿಸಿದ್ದನಂತೆ.”

“ಕೇಳಿದ್ದಕ್ಕೆ ಉತ್ತರ ಕೊಡು! ಒಂದು ತಿಂಗಳು ಟೈಮು. ತೂತು ಎಲ್ಲಿದೆ ಅಂತ ಸಿಗದಿದ್ರೆ ವ್ಯಾನಿನ ಕೀ ಮೇಜಿನ ಮೇಲಿಟ್ಟು ಮನೆಗೆ ನಡಿ.”

ಮೂಲೆಯಲ್ಲಿ ಗಾಜಿನ ಕೊಳವೆ ಒರೆಸುತ್ತಿದ್ದ ಮೇಡಂ ಅವನ ಹಿಂದೆಯೇ ಹೊರಬಂದರು. ಸಮಾಧಾನ ಹೇಳುತ್ತಾರೆಂದುಕೊಂಡರೆ, “ನಿಮ್ಮ ಬಾಯಿ ಮೇಲೆ ನನಗೆ ಅನುಮಾನ ಇಲ್ಲ ಗುಮ್ಮಣ್ಣ. ಅನುಮಾನ ಎಲ್ಲ ಕೈ ಮೇಲೆ,” ಎಂದುಬಿಟ್ಟರು.

ಲಂಚ! ಒಂದು ಕಪ್ ಚಹಾವನ್ನೂ ಮುಟ್ಟದ ಕೈಗೆ ಈ ಕಳಂಕ! ಗುಮ್ಮಣ್ಣನ ಕಣ್ಣಲ್ಲಿ ನೀರು ಬಂತು.

“ನಾಳೆಯಿಂದ ದಿನಾ ಸಂಜೆ ಎರಡು ಗಡ್ಡೆ ಐಸ್ ತನ್ನಿ. ಪರೀಕ್ಷೆಯ ಹಿಂದಿನ ಸಂಜೆ ತರೋ ಹಾಗೇ.”

“ದಿನಾ ಪರೀಕ್ಷೆನಾ ಮೇಡಂ?”

“ತನ್ನಿ ಅಂದೆ, ಕೇಳಿ ಅನ್ನಲಿಲ್ಲ.”

ತಂದ. ದಿನಾ ತಂದ. ವ್ಯಾನು ಮಾತ್ರ ಕಾರ್ಖಾನೆಯ ಕಡೆ ತಿರುಗಲೇ ಇಲ್ಲ. ಐಸು ಆಫೀಸಿನ ಬಚ್ಚಲಲ್ಲಿ ಕರಗಿತು. ಟೈಪಿಸ್ಟಮ್ಮ ಉಳುಕಿದ ಕಾಲನ್ನು ಅದರ ಮೇಲಿಟ್ಟು ವಾಸಿ ಮಾಡಿಕೊಂಡರು. ಸಾಹೇಬರು ಹಣೆ ಹಣೆ ಚಚ್ಚಿಕೊಂಡರು. ಇದೆಲ್ಲ ತನ್ನ ಬಾಯಿ ಬಿಡಿಸುವ ಹೂಟ ಎಂದು ಗುಮ್ಮಣ್ಣನಿಗೆ ಖಾತ್ರಿಯಾಗಿ, ಮನೆಯಲ್ಲಿ ಉಪ್ಪು ಬೇಕೆಂದು ಕೇಳುವುದಕ್ಕೂ ಹೆದರಿದ. ಹೆಂಡತಿ ಹಗ್ಗದಿಂದ ಬಟ್ಟೆ ತೆಗೆಯುತ್ತಾ, “ಈಗೀಗ ಮಸೀನೇ ಕೂರ್ತಿಲ್ಲ ಕಣ್ರೀ, ಸೋಪು ಬದಲಾಯಿಸಿದ್ದು ಒಳ್ಳೇದಾಯ್ತು,” ಎಂದಾಗಲೂ ಹೂಂ ಎನ್ನಲಿಲ್ಲ.

ತಿಂಗಳ ಕೊನೆಯ ಸಂಜೆ ಬಂತು. ಐಸ್ ಕೊಟ್ಟು, ಕೀ ಇಟ್ಟು, ಮನೆಗೆ ಹೋಗುವುದು. ಹದಿನಾಲ್ಕು ವರ್ಷದಿಂದ ಅವನಿಗೆ ಐಸ್ ಕೊಡುತ್ತಿರುವ ಅಂಗಡಿಯವನು ಗಡ್ಡೆಗೆ ಗೋಣಿ ಸುತ್ತುತ್ತಾ ನಿಟ್ಟುಸಿರುಬಿಟ್ಟ.

“ನಿಮ್ಮ ಮೇಡಂಗೆ ಕರುಣೆನೇ ಇಲ್ವಾ ಅಣ್ಣ? ನೀವು ಯಾರಿಗೂ ಬಾಯಿ ಬಿಡೋರಲ್ಲ ಅಂತ ಹೇಳ್ತಿದೀನಿ. ನೀವು ಐಸ್ ಒಯ್ದ್ರಿ ಅಂತ ನಾನು ಫೋನ್ ಮಾಡೋದು, ಕಾರ್ಖಾನೇಲಿ ನಮ್ಮ ಭಾವ ಒಲೆ ಚೊಕ್ಕ ಮಾಡ್ಕೊಂಡು ಕಾಯೋದು. ನಿಮ್ಮವರು ಬರೋದೂ ಇಲ್ಲ, ಬಿಡೋದೂ ಇಲ್ಲ. ಒಂದು ತಿಂಗಳಾಯ್ತು, ಅಲ್ಲಿ ಒಂದು ಚೂರು ಪ್ಲಾಸ್ಟಿಕ್ ಸುಟ್ಟಿಲ್ಲ!”

ಗುಮ್ಮಣ್ಣ ಗಡ್ಡೆ ಹೊತ್ತಿದ್ದ ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡ. ಐಸನ್ನು ವ್ಯಾನಿನಲ್ಲಿಟ್ಟು, ಜೇಬಿನಲ್ಲಿದ್ದ ಕೀಯನ್ನು ಇನ್ನಷ್ಟು ಆಳಕ್ಕೆ ತಳ್ಳಿದ.

“ನಾಳೆಗೆ ಮೂರು ಗಡ್ಡೆ ತೆಗೆದಿಡಪ್ಪ,” ಎಂದ.