ಉಳ್ಳಾಗಡ್ಡಿಯ ಪುಟ

ಗ್ರಂಥಾಲಯದ ವಿಕಿ ಪುಟಗಳು ತಮ್ಮನ್ನು ಕೊನೆಗೆ ತಿದ್ದಿದವರ ದನಿಯಲ್ಲೇ ಓದಿ ಹೇಳುತ್ತಿದ್ದವು. ಒಂದು ಅಲ್ಪವಿರಾಮ ಸರಿಸಿದರೂ ಸಾಕು, ಇಡೀ ಪುಟ ಅವರ ದನಿಗೆ ತಿರುಗುತ್ತಿತ್ತು.

ಮೈಸೂರಿನಿಂದ ವರ್ಗವಾಗಿ ಬಂದ ಗ್ರಂಥಪಾಲಕಿ ಕುಮುದಿನಿ ಆರು ತಿಂಗಳಲ್ಲಿ ನಾನ್ನೂರು ಪುಟ ಬರೆದಿದ್ದಳು. ದಿನಾ ಹನ್ನೊಂದಕ್ಕೆ ಬರುವ ಬಸಲಿಂಗಪ್ಪ ಮಾಸ್ತರರು ಅದರಲ್ಲಿ ಒಂದನ್ನೂ ಮುಟ್ಟುತ್ತಿರಲಿಲ್ಲ. ನೀಲವ್ವ ಎಂಬ ಯಾರೋ ಬರೆದ ಉಳ್ಳಾಗಡ್ಡಿ ಚಟ್ನಿಯ ಪುಟವನ್ನೇ ಹೆಡ್‌ಫೋನಿನಲ್ಲಿ ಕೇಳುತ್ತ, ಕಣ್ಣು ಮುಚ್ಚಿ ನಗುತ್ತಿದ್ದರು. ಕುಮುದಿನಿಗೆ ಮೈಯೆಲ್ಲ ಉರಿಯುತ್ತಿತ್ತು. ರೇಡಿಯೋದಲ್ಲಿ ವಾರ್ತೆ ಓದಿದ ದನಿ ತನ್ನದು. ಆ ಗೊಗ್ಗರು ಗಂಟಲಲ್ಲಿ ಅಂಥದ್ದೇನಿದೆ?

ಇವತ್ತು ತಡೆಯಲಾಗಲಿಲ್ಲ. ಪುಟ ತೆರೆದು, ‘ಉಳ್ಳಾಗಡ್ಡಿ’ ಇದ್ದಲ್ಲೆಲ್ಲ ‘ಈರುಳ್ಳಿ’ ಎಂದು ತಿದ್ದಿಬಿಟ್ಟಳು. ಭಾಷೆ ಶುದ್ಧವಾಯಿತಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು.

ಮಾಸ್ತರರು ಬಂದು ಹೆಡ್‌ಫೋನ್ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಆಮೇಲೆ ನಿಧಾನವಾಗಿ ಅವಳ ಮೇಜಿನ ಬಳಿ ಬಂದರು.

“ಅಕ್ಕಾರ, ನಮ್ಮನಿಯಾಕಿ ಮಾತಾಡವಲ್ಲಳ್ರೀ.”

“ಯಾರು ಸಾರ್?”

“ನೀಲವ್ವ. ಆಕಿ ತೀರಿಕೊಂಡು ವರ್ಷಾತ್ರಿ. ಈ ಪುಟ ಒಂದ ಉಳದಿತ್ತು.”

ಕುಮುದಿನಿ ತಡಬಡಿಸಿ ‘ಹಿಂದಿನಂತೆ ಮಾಡು’ ಎಂಬ ಗುಂಡಿ ಒತ್ತಿದಳು. ಈರುಳ್ಳಿಯೆಲ್ಲ ಮತ್ತೆ ಉಳ್ಳಾಗಡ್ಡಿಯಾಯಿತು. ಮಾಸ್ತರರಿಗೆ ಕೇಳಲೆಂದು ಸ್ಪೀಕರ್ ಹಾಕಿದಳು. ಅವರು ಆಸೆಯಿಂದ ಕಿವಿಗೊಟ್ಟು ಬಾಗಿದರು.

“ಉಳ್ಳಾಗಡ್ಡಿ ಸಣ್ಣಗ ಹೆಚ್ಚಿಕೋರಿ,” ಎಂದಿತು ಪುಟ, ಕುಮುದಿನಿಯದೇ ಇಂಪಾದ ದನಿಯಲ್ಲಿ.