ಬಿಳಿ ಟೈಲ್ಸಿನ ಮೇಲಿನ ಗೋಸುಂಬೆ

ಎ.ಸಿ.ಯ ಒದ್ದೆ ಧೂಳಿನ ವಾಸನೆ ಬಂದರೆ ಈಗಲೂ ನಾನು ಎದ್ದು ಅದನ್ನು ಆರಿಸಿಬಿಡುತ್ತೇನೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ, ಒಂದು ಶುಕ್ರವಾರ, ಅಪ್ಪ ಸೂಕ್ ಎಂಬ ಅರಬ್ ಸಂತೆಯಿಂದ, ಕೊಲ್ಲಿ ದೇಶದ ಅಲ್ ಮುಂತಜಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಒಂದು ಹಸಿರು ಗೋಸುಂಬೆ ತಂದರು.

"ಮಡಗಾಸ್ಕರ್ ದ್ವೀಪದ್ದು ಮಾರಾಯ್ತಿ. ಅಲ್ಲಿ ಒಣಗಿದ ಎಲೆಯ ಹಾಗೇ ಕಾಣುವ ಹಲ್ಲಿಯೂ ಉಂಟಂತೆ. ಇದು ಕೂತ ಜಾಗದ ಬಣ್ಣಕ್ಕೇ ತಿರುಗ್ತದೆ, ನೋಡು."

ನಾನು ಶಾಲೆಯ ಡಿಬೇಟ್ ತಂಡದವಳು. ಪುರಾವೆ ಇಲ್ಲದ ಮಾತನ್ನು ಒಪ್ಪುವುದು ಹೇಗೆ? ಅದನ್ನು ವಿಂಡೋ ಎ.ಸಿ.ಯ ಕೆಳಗೆ, ಮಂಜಿನಂತೆ ಕೊರೆಯುತ್ತಿದ್ದ ಬಿಳಿ ಟೈಲ್ಸಿನ ಮೇಲೆ ಬಿಟ್ಟೆ. ಅದು ಬೆಳ್ಳಗಾಗಲಿಲ್ಲ. ನಿಧಾನವಾಗಿ ಕಪ್ಪಗಾಯಿತು.

"ಅದಕ್ಕೆ ಚಳಿ ಆಗ್ತದೆ ಮಗಾ, ಎ.ಸಿ. ಬಂದ್ ಮಾಡು," ಎಂದಳು ಅಮ್ಮ.

"ನಿಂಗೆ ಹೇಗೆ ಗೊತ್ತು? ಅದು ಬಂದು ಹೇಳಿತಾ?"

"ನಿನ್ನತ್ರ ಮಾತಾಡಿ ಗೆದ್ದವರುಂಟಾ," ಎಂದು ಅಮ್ಮ ಅಡುಗೆಮನೆಗೆ ಹೋದಳು.

ಅಪ್ಪನ ಮಾತು ಸುಳ್ಳೆಂದು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಎ.ಸಿ. ಬೆಳಗಿನವರೆಗೂ ಓಡಿತು.

ಬೆಳಿಗ್ಗೆ ಗೋಸುಂಬೆ ಕಿಟಕಿಯ ಪರದೆಯ ಅಂಚನ್ನು ಹಿಡಿದುಕೊಂಡೇ ಸತ್ತಿತ್ತು. ಗಾಜಿನ ಆಚೆ ಬಿಸಿಲು ಉರಿಯುತ್ತಿತ್ತು. ಅಪ್ಪ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಖಲಾಸ್," ಎಂದರು.

ಅಮ್ಮ ಎ.ಸಿ. ಬಂದ್ ಮಾಡಿದಳು.